ನೆಲ ನಿಜಕ್ಕೂ ಡೊಂಕಾಗಿತ್ತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿ ನಕ್ಕಿದ್ದೇನೆ. ಲೆಕ್ಕ ತಪ್ಪಾದದ್ದಕ್ಕೆ ಪೆನ್ನನ್ನು ದೂರುವ ಹುಡುಗಿಗೆ, ಚಿತ್ರ ಸೊಟ್ಟಗಾದದ್ದಕ್ಕೆ ಬೆಂಚನ್ನು ದೂರುವ ಹುಡುಗನಿಗೆ ಈ ಒಂದು ಮಾತು ಸಾಕಾಗುತ್ತಿತ್ತು. ಆದರೆ ಬಹಳ ವರ್ಷಗಳಿಂದ ನನಗೊಂದು ಸಂಶಯ. ಎಲ್ಲರೂ ಕುಣಿಯುವವಳ ಕಾಲನ್ನೇ ನೋಡಿದರಲ್ಲ, ನೆಲಕ್ಕೆ ರಸಮಟ್ಟ ಇಟ್ಟು ನೋಡಿದವರು ಒಬ್ಬರಾದರೂ ಇದ್ದರೇ?

ಈ ಸಂಶಯ ಹುಟ್ಟಿದ್ದು 1997ರ ಏಪ್ರಿಲ್‌ನಲ್ಲಿ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ, ಒಂದು ಎಳನೀರಿನ ಗಾಡಿಯ ಪಕ್ಕ.

ನಮ್ಮದು ಪ್ರೀಮಿಯರ್ ಪದ್ಮಿನಿ. ನಮ್ಮವರು ಬುಕ್ ಮಾಡಿ, ಕಾದು ಕಾದು 1986ರಲ್ಲಿ ಮನೆಗೆ ತಂದ ಕಾರು. ಇಟಲಿಯ ಫಿಯಟ್ 1100ರ ಮಾದರಿಯನ್ನೇ ಮುಂಬಯಿಯಲ್ಲಿ ತಯಾರಿಸಿ ಚಿತ್ತೋರಿನ ರಾಣಿಯ ಹೆಸರಿಟ್ಟಿದ್ದರು. 1089 ಸಿಸಿ, ನಾಲ್ಕು ಸಿಲಿಂಡರು, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಹೆಸರೇನೋ ರಾಣಿಯದು, ಬಾನೆಟ್ ಎತ್ತುವ ಅಧಿಕಾರ ಮಾತ್ರ ಗಂಡಸರದು. ನಮ್ಮವರಿಗೂ ಒಳಗಿನದು ಹೆಚ್ಚೇನೂ ಗೊತ್ತಿರಲಿಲ್ಲ. ಕಾರು ನಿಂತರೆ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಗಂಭೀರವಾಗಿ ನೋಡಿ, ಮತ್ತೆ ಮುಚ್ಚುತ್ತಿದ್ದರು. ಆದರೂ ನೋಡುವ ಹಕ್ಕು ಅವರದೆಂದು ನಾವಿಬ್ಬರೂ ನಂಬಿದ್ದೆವು. ಬ್ಯಾಂಕಿನವರು ಅವರನ್ನು ಗುಲ್ಬರ್ಗಕ್ಕೆ ವರ್ಗ ಮಾಡಿದ ಮೇಲೆ ಕಾರು ನನ್ನ ಪಾಲಿಗೆ ಬಂತು. ಅದರ ಜೊತೆಗೆ ಒಂದು ಆಜ್ಞೆಯೂ ಬಂತು: "ಏನಾದ್ರೂ ಆದ್ರೆ ನೀನು ಮುಟ್ಟಬೇಡ, ಗ್ಯಾರೇಜಿಗೆ ಕೊಡು."

ಆ ದಿನ ತವರಿನಿಂದ ಅಮ್ಮನನ್ನು ಶಿವಮೊಗ್ಗದ ಡಾಕ್ಟರಲ್ಲಿಗೆ ಕರೆತರುತ್ತಿದ್ದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ. ಬಿಸಿಲಿಗೆ ಬಾಯಿ ಒಣಗುತ್ತಿದೆ ಅಂದರು. ಕಾರು ನಿಲ್ಲಿಸಿ ಎಳನೀರು ಕುಡಿಸಿದೆ. ಹತ್ತು ನಿಮಿಷ ಆಗಿರಬಹುದು. ಮತ್ತೆ ಕೀಲಿ ತಿರುಗಿಸಿದರೆ ಇಂಜಿನ್ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿದೆ. ಐದು ನಿಮಿಷದಲ್ಲಿ ಸುತ್ತ ನಾಲ್ಕು ಜನ. ಒಬ್ಬರು "ಚೋಕ್ ಎಳೀರಿ ಮೇಡಂ" ಅಂದರು. ಇನ್ನೊಬ್ಬರು "ಆಕ್ಸಿಲೇಟರ್ ಒತ್ತಿ ಒತ್ತಿ ಬಿಡಿ" ಅಂದರು. ಮೂರನೆಯವರು ತಳ್ಳೋಣ ಅಂದರು. ನಾಲ್ಕನೆಯವರು ಏನೂ ಮಾಡದೆ "ಲೇಡೀಸು, ಹೈವೇ ಮೇಲೆ ಯಾಕೆ ಬರಬೇಕು" ಅಂತ ಎಳನೀರಿನವನಿಗೆ ಹೇಳಿದರು. ಹೇಳಿದ್ದನ್ನೆಲ್ಲ ಮಾಡಿದೆ. ಅಮ್ಮ ಬಿಸಿಲಿನಲ್ಲಿ ಕುಸಿದು ಕುಳಿತರು. ಕೊನೆಗೆ ಆಟೋ ಸಿಕ್ಕಿ, ಆಸ್ಪತ್ರೆ ತಲುಪುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. ಸಂಜೆ ಬಂದು ನೋಡಿದರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಒಂದು ಬುಟ್ಟಿ ಕಪ್ಪು ಹೊಗೆ ಬಿಟ್ಟು. ಮರುದಿನ ಊರಿಗೆ ಹೊರಟ ಅಮ್ಮ ಮೆಲ್ಲಗೆ ಹೇಳಿದರು: "ನೀನು ಓಡಿಸೋದಾದ್ರೆ ನಾನು ಬಸ್ಸಿನಲ್ಲೇ ಓಡಾಡ್ತೀನಿ ಕಣೇ."

ಗ್ಯಾರೇಜಿನ ಕಥೆ ಇನ್ನೂ ಚೆನ್ನಾಗಿದೆ. ಪ್ಲಗ್ಗು ಬಿಚ್ಚಿ ತೋರಿಸಿದರು. ಕರೀ ಮಸಿ, ಒದ್ದೆ. "ಲೇಡೀಸ್ ಚೋಕ್ ಹಾಕ್ಕೊಂಡೇ ಓಡಿಸ್ತಾರೆ, ಅದಕ್ಕೇ ಹೀಗೆ." ನಾಲ್ಕು ಹೊಸ ಪ್ಲಗ್ಗು. ವಾರ ಕಳೆದು ಮತ್ತದೇ. ಪಾಯಿಂಟು, ಕಂಡೆನ್ಸರು ಬದಲಾಯಿತು. ಮತ್ತದೇ. ಕಾಯಿಲು ಬದಲಾಯಿತು. ಮತ್ತದೇ. ಕೊನೆಗೆ ತೀರ್ಪು ಬಂತು: "ಇಂಜಿನ್ ಇಳಿಸಿ ಬೋರ್ ಮಾಡಿಸ್ಬೇಕು. ಸಾರ್ ಬಂದಾಗ ಮಾತಾಡ್ತೀವಿ ಬಿಡಿ." ಅವರು ಹೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ದುಡ್ಡು ನನ್ನದು, ಕಾರು ಓಡಿಸುವವಳು ನಾನು, ಮಾತು ಮಾತ್ರ ಸಾರ್ ಹತ್ತಿರ!

ಆ ರಾತ್ರಿ ಸಿಟ್ಟು ತಡೆಯಲಾರದೆ ಟಾರ್ಚ್ ಹಿಡಿದು ಹೋಗಿ ಬಾನೆಟ್ ಎತ್ತಿದೆ. ನನಗೆ ಗೊತ್ತಿದ್ದದ್ದು ಒಂದೇ, ಇಂಜಿನ್ ಆಯಿಲ್ ನೋಡುವ ಕಡ್ಡಿ. ಅದನ್ನು ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. ತಿಂಗಳಿನಿಂದ ಯಾರೂ ಆಯಿಲ್ ಹಾಕಿಲ್ಲ, ಆದರೂ ಹೆಚ್ಚಾಗಿದೆ. ಮೂಸಿದೆ. ಪೆಟ್ರೋಲ್! ಇಂಜಿನ್ ಸವೆದು ಆಯಿಲ್ ಸುಡುತ್ತಿದ್ದರೆ ಮಟ್ಟ ಇಳಿಯಬೇಕು, ಏರುವುದು ಹೇಗೆ? ವಿಜ್ಞಾನ ಕಲಿಸುವವಳ ತಲೆಗೆ ಆಗ ಹೊಳೆಯಿತು: ಇದು ಇಂಜಿನ್ನಿನ ಮುಪ್ಪಲ್ಲ. ಎಲ್ಲೋ ಪೆಟ್ರೋಲ್ ತುಂಬಿ ಹರಿಯುತ್ತಿದೆ.

ಮರುದಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕಾರ್ಬೊರೇಟರ್ ಕೆಲಸವನ್ನಷ್ಟೇ ಮಾಡುತ್ತಿದ್ದ ಒಬ್ಬ ಮುದುಕರ ಹತ್ತಿರ ಹೋದೆ. ಒಂದು ಸ್ಟೂಲು, ಒಂದು ಬೋಗುಣಿ, ಗೋಡೆಗೆ ನೇತುಹಾಕಿದ ನಾಲ್ಕು ಸ್ಪ್ಯಾನರು, ಅಷ್ಟೇ ಅವರ ಅಂಗಡಿ. ಅವರು ಏನನ್ನೂ ಬಿಚ್ಚಲಿಲ್ಲ. ಮೊದಲು ಕೇಳಿದರು. "ಬಿಸಿಯಾಗಿ ನಿಂತಾಗ ಮಾತ್ರ ಹೀಗಾಗುತ್ತಾ ಟೀಚರಮ್ಮ, ಬೆಳಿಗ್ಗೆ ತಣ್ಣಗಿದ್ದಾಗಲೂ ಆಗುತ್ತಾ? ಹೊಗೆ ಕಪ್ಪೋ ನೀಲಿಯೋ? ಪೆಟ್ರೋಲ್ ಜಾಸ್ತಿ ಕುಡಿಯುತ್ತಾ?" ಇಷ್ಟು ದಿನ ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಎಲ್ಲರ ಹತ್ತಿರ ಉತ್ತರ ಮೊದಲೇ ಸಿದ್ಧವಿತ್ತು: ಹೆಂಗಸು.

ಆ ಮೂರು ಪ್ರಶ್ನೆಯಲ್ಲೇ ಅರ್ಧ ರೋಗ ತಿಳಿಯುತ್ತದೆ. ಬಿಸಿ ಇಂಜಿನ್ ನಿಲ್ಲಿಸಿದಾಗ ಮಾತ್ರ ತೊಂದರೆ ಎಂದಾದರೆ, ಸೆಕೆಗೆ ಕಾರ್ಬೊರೇಟರಿನಲ್ಲಿರುವ ಪೆಟ್ರೋಲ್ ಕುದಿದು ಉಕ್ಕುತ್ತಿರಬಹುದು. ಅದು ಬೇಸಿಗೆಯ ಗುಣ, ಭಾಗ ಕೆಟ್ಟದ್ದಲ್ಲ. ತಣ್ಣಗಿರುವಾಗಲೂ ಹೊಗೆ, ಮೈಲೇಜೂ ಕಡಿಮೆ ಎಂದಾದರೆ ಪೆಟ್ರೋಲ್ ಯಾವಾಗಲೂ ಮಿತಿಮೀರಿ ಹೋಗುತ್ತಿದೆ. ನಮ್ಮ ಕಾರು ಎರಡನೆಯ ಜಾತಿ. ಹೊಗೆಯ ಬಣ್ಣವೂ ಹಾಗೆಯೇ: ನೀಲಿ ಎಂದರೆ ಆಯಿಲ್ ಸುಡುತ್ತಿದೆ, ಕಪ್ಪು ಎಂದರೆ ಪೆಟ್ರೋಲ್ ಹೆಚ್ಚಾಗಿದೆ. ಬೋರ್ ಮಾಡಿಸುವ ಮಾತು ನೀಲಿ ಹೊಗೆಗೆ ಸಲ್ಲಬೇಕಾದದ್ದು. ನನ್ನ ಕಾರು ಕಪ್ಪು ಹೊಗೆ ಬಿಡುತ್ತಿತ್ತು. ಗ್ಯಾರೇಜಿನವರಿಗೆ ಬಣ್ಣ ಕಾಣಲಿಲ್ಲವೇ? ಕಂಡಿರಬೇಕು. ಸೀರೆ ಅದಕ್ಕಿಂತ ಮೊದಲು ಕಂಡಿತು.

ಆಮೇಲೆ ಅವರು ಒಂದೊಂದಾಗಿ ವಿಂಗಡಿಸಿದರು. ಪ್ಲಗ್ಗಿನ ಕಿಡಿ ಚೆನ್ನಾಗಿದೆಯೇ? ಕಿಡಿ ಇಲ್ಲದಿದ್ದರೂ ಪ್ಲಗ್ಗು ಒದ್ದೆಯಾಗುತ್ತದೆ, ಆಗ ತಪ್ಪು ಪೆಟ್ರೋಲಿನದಲ್ಲ. ನಮ್ಮಲ್ಲಿ ಆ ಕಡೆಯದೆಲ್ಲ ಹೊಸದಾಗಿತ್ತು, ಕಿಡಿ ನೀಲಿಯಾಗಿ ಗಟ್ಟಿಯಾಗಿತ್ತು. ಚೋಕಿನ ಗುಂಡಿ ಒಳಗೆ ಒತ್ತಿದಾಗ ಆ ತುದಿಯ ಲಿವರು ಪೂರ್ತಿ ಹಿಂದಕ್ಕೆ ಹೋಗುತ್ತದೆಯೇ? ಹೋಗುತ್ತಿತ್ತು. ಅಂದರೆ ನಾನು ಚೋಕ್ ಹಾಕಿಕೊಂಡೇ ಓಡಿಸುತ್ತಿರಲಿಲ್ಲ! ಗಾಳಿಯ ಫಿಲ್ಟರ್ ಧೂಳು ಕಟ್ಟಿದೆಯೇ? ಇಲ್ಲ. ಫಿಲ್ಟರ್ ತೆಗೆದು, ಇಂಜಿನ್ ಸ್ವಲ್ಪ ಓಡಿಸಿ ನಿಲ್ಲಿಸಿ, ಕಾರ್ಬೊರೇಟರಿನ ಗಂಟಲಿಗೆ ಟಾರ್ಚ್ ಬಿಟ್ಟರು. "ನೋಡಿ ಅಮ್ಮಾ." ಇಂಜಿನ್ ನಿಂತಿದ್ದರೂ ಒಳಗೆ ಪೆಟ್ರೋಲ್ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಸೋರುವ ನಲ್ಲಿಯ ಹಾಗೆ.

ಅಲ್ಲಿಗೆ ಉಳಿದದ್ದು ಎರಡೇ ಅನುಮಾನ. ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ನೀರು ತುಂಬಿದಂತೆ ತೇಲುವ ಚೆಂಡು ಮೇಲೇರಿ ನಲ್ಲಿಯ ಬಾಯಿ ಮುಚ್ಚುತ್ತದೆ. ಕಾರ್ಬೊರೇಟರಿನ ಬಟ್ಟಲಿನಲ್ಲೂ ಅದೇ ವ್ಯವಸ್ಥೆ. ಚೆಂಡಿನ ಬದಲು ಫ್ಲೋಟು, ನಲ್ಲಿಯ ಬದಲು ನೀಡಲ್ ವಾಲ್ವು. ವಾಲ್ವಿನ ತುದಿ ಸವೆದರೆ, ಅಥವಾ ಅದರ ಬಾಯಲ್ಲಿ ಒಂದು ಕಸ ಕುಳಿತರೆ ಪೆಟ್ರೋಲ್ ನಿಲ್ಲುವುದಿಲ್ಲ. ವಾಲ್ವು ಬಿಚ್ಚಿ, ಅದಕ್ಕೊಂದು ತುಂಡು ಹೊಸ ಪೈಪು ಸಿಕ್ಕಿಸಿ, ಬೆರಳಲ್ಲಿ ಮೇಲಕ್ಕೆ ಒತ್ತಿ ಹಿಡಿದು ಊದಿ ನೋಡಿದೆವು. ಗಾಳಿ ಹೋಗಲಿಲ್ಲ. ವಾಲ್ವು ನಿರಪರಾಧಿ. ಮುದುಕರು ಫ್ಲೋಟನ್ನು ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಗುಳುಗುಳು ಸದ್ದು. ಟೊಳ್ಳಾಗಿರಬೇಕಾದದ್ದು ಪೆಟ್ರೋಲ್ ಕುಡಿದು ಕೂತಿತ್ತು. ಪಕ್ಕದ ಚಹದಂಗಡಿಯಿಂದ ಒಂದು ಲೋಟ ಕುದಿನೀರು ತರಿಸಿ, ಒಲೆಯಿಂದ ದೂರ ಇಟ್ಟುಕೊಂಡು, ಅದರಲ್ಲಿ ಮುಳುಗಿಸಿದರು. ಶಾಖಕ್ಕೆ ಒಳಗಿನದು ಹಿಗ್ಗಿ, ಕಣ್ಣಿಗೆ ಕಾಣದ ಒಂದು ಬಿರುಕಿನಿಂದ ಸಾಲಾಗಿ ಗುಳ್ಳೆ ಎದ್ದವು.

ಫ್ಲೋಟು ಭಾರವಾಗಿ ಮುಳುಗಿದರೆ ವಾಲ್ವನ್ನು ಮುಚ್ಚುವವರಾರು? ಪೆಟ್ರೋಲ್ ಉಕ್ಕಿ ಇಂಜಿನ್ನಿಗೆ ಇಳಿದು, ಪ್ಲಗ್ಗನ್ನು ತೋಯಿಸಿ, ಸಿಲಿಂಡರಿನ ಗೋಡೆಗುಂಟ ಜಾರಿ ಆಯಿಲಿಗೆ ಬೆರೆಯುತ್ತಿತ್ತು. ಹೊಸ ಫ್ಲೋಟು ಹಾಕಿ ಮಟ್ಟ ಸರಿಮಾಡಿದ ಖರ್ಚು ನೂರು ರೂಪಾಯಿಯ ಒಳಗೆ. ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗು ಹೋಗುತ್ತದೆಂದು ಆಯಿಲ್ ಬದಲಿಸಿದೆವು, ಅದು ಬೇರೆ ಲೆಕ್ಕ.

ನನಗಾದ ನಾಚಿಕೆ ಬೇರೆಯದೇ. ಆರ್ಕಿಮಿಡಿಸನ ತತ್ವವನ್ನು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ವಸ್ತು ತೇಲಬೇಕಾದರೆ ಅದರ ತೂಕ, ಅದು ಪಕ್ಕಕ್ಕೆ ಸರಿಸಿದ ದ್ರವದ ತೂಕಕ್ಕೆ ಸಮನಾಗಿರಬೇಕು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆ ಪಾಠ ನನ್ನ ಕಾರಿನಲ್ಲೇ ತೇಲುತ್ತಾ ಮುಳುಗುತ್ತಾ ಇತ್ತು. ಅದು ನನಗೆ ಸೇರಿದ ಪಾಠ ಎಂದು ಮಾತ್ರ ಅನಿಸಿರಲಿಲ್ಲ.

ಗೆಳತಿಯರೇ, ಇದು ನಮಗೆ ತಿಳಿಯದ ವಿದ್ಯೆ ಎಂದು ಹೇಳಿದವರು ಯಾರು? ಸೀಮೆಎಣ್ಣೆಯ ಪಂಪ್ ಸ್ಟೌವನ್ನು ಹೊತ್ತಿಸಿದವರು ನಾವು. ಬರ್ನರ್ ಕಾಯುವ ಮೊದಲೇ ಪಂಪ್ ಹೊಡೆದರೆ ಹಸಿ ಎಣ್ಣೆ ಉಕ್ಕಿ ಹಳದಿ ಜ್ವಾಲೆ ಎದ್ದು ಅಡಿಗೆಮನೆಯ ಸೂರು ಕಪ್ಪಾಗುತ್ತಿತ್ತು. ಆಗ ಗಾಳಿ ಬಿಟ್ಟು, ಕಾದು, ಪಿನ್ನು ಹಾಕಿ ಮತ್ತೆ ಹೊತ್ತಿಸುತ್ತಿದ್ದೆವು. ಇದಲ್ಲದೆ ಇನ್ನೇನು ಕಾರ್ಬೊರೇಟರು? ಗ್ಯಾಸಿನ ಒಲೆಯ ಉರಿ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿದರೆ ಗಾಳಿ ಸಾಲುತ್ತಿಲ್ಲವೆಂದು ನಮಗೆ ಗೊತ್ತು. ಪ್ಲಗ್ಗಿನ ಮೇಲಿನ ಮಸಿಯೂ ಅದನ್ನೇ ಹೇಳುತ್ತದೆ. ತೂಕದ ಲೆಕ್ಕದಲ್ಲಿ ಸುಮಾರು 15 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಸೇರಿದರೆ ಇಂಜಿನ್ನಿಗೆ ಹದ. ಹದ ತಪ್ಪಿದ್ದನ್ನು ಮೂಗಿನಿಂದ, ಬಣ್ಣದಿಂದ, ಸದ್ದಿನಿಂದ ಹಿಡಿಯುವುದು ನಮಗೆ ಹೊಸತೇ?

ಆ ದಿನ ರಸ್ತೆಯಲ್ಲಿ ನಾಲ್ವರು ಕೊಟ್ಟ ಸಲಹೆಯನ್ನು ಈಗ ಯೋಚಿಸಿ. ಇಂಜಿನ್ ಪೆಟ್ರೋಲಿನಲ್ಲಿ ಮುಳುಗಿದೆ. ಚೋಕ್ ಎಳೆದರೆ ಪೆಟ್ರೋಲಿನ ಪಾಲು ಇನ್ನೂ ಹೆಚ್ಚುತ್ತದೆ. ಆಕ್ಸಿಲರೇಟರ್ ಒತ್ತಿ ಒತ್ತಿ ಬಿಟ್ಟರೆ ಪ್ರತಿ ಒತ್ತಿಗೂ ಒಳಗಿನ ಚಿಕ್ಕ ಪಂಪು ಇನ್ನಷ್ಟು ಚಿಮ್ಮಿಸುತ್ತದೆ. ವಾಂತಿ ಮಾಡುತ್ತಿರುವ ಮಗುವಿಗೆ ಪಾಯಸ ಕುಡಿಸಿದ ಹಾಗೆ. ಮಾಡಬೇಕಾದದ್ದು ಅದರ ತಿರುಗಾ ಮುರುಗಾ. ಚೋಕನ್ನು ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ತಳಮುಟ್ಟ ಒಂದೇ ಸಲ ಒತ್ತಿ ಹಾಗೇ ಹಿಡಿದುಕೊಂಡು, ಕೆಲವೇ ಸೆಕೆಂಡು ಸೆಲ್ಫ್ ಹೊಡೆಯಬೇಕು. ಗಾಳಿ ಧಾರಾಳವಾಗಿ ನುಗ್ಗಿ ಹೆಚ್ಚಿನ ಪೆಟ್ರೋಲನ್ನು ಹೊರಗೆ ಒಯ್ಯುತ್ತದೆ. ಆಗದಿದ್ದರೆ ಬಾನೆಟ್ ಎತ್ತಿ ಕಾಲು ಗಂಟೆ ಸುಮ್ಮನಿರಬೇಕು. ಪೆಟ್ರೋಲ್ ಹೊರಗೇ ಸುರಿಯುತ್ತಿದ್ದರೆ ಕೀಲಿ ಮುಟ್ಟಬಾರದು, ಸುತ್ತ ಬೀಡಿ ಹಚ್ಚಿದವರನ್ನು ದೂರ ಕಳಿಸಬೇಕು. ನಮ್ಮ ನಾಲ್ವರಲ್ಲಿ ಇಬ್ಬರ ಬಾಯಲ್ಲಿ ಬೀಡಿ ಇತ್ತು.

ಅವರು ಕೆಟ್ಟವರಲ್ಲ. ಬಿಸಿಲಿನಲ್ಲಿ ಕಾರು ತಳ್ಳಿದವರು. ನನ್ನ ಜಗಳ ಅವರ ಒಳ್ಳೆಯತನದ ಮೇಲಲ್ಲ, ಅವರ ಧೈರ್ಯದ ಮೇಲೆ. ಗೊತ್ತಿಲ್ಲದ್ದನ್ನು ಗೊತ್ತಿರುವ ದನಿಯಲ್ಲಿ ಹೇಳುವ ಧೈರ್ಯ ಗಂಡಸಿಗೆ ಹುಟ್ಟಿನಿಂದ ಸಿಗುತ್ತದೆ. ಗೊತ್ತಿರುವುದನ್ನೂ ಗೊತ್ತಿಲ್ಲದ ದನಿಯಲ್ಲಿ ಕೇಳುವ ನಯ ನಮಗೆ ಹುಟ್ಟಿನಿಂದ ಕಲಿಸಲಾಗುತ್ತದೆ. ಈ ಎರಡರ ನಡುವೆ ಎಷ್ಟು ಒಳ್ಳೆಯ ಪ್ಲಗ್ಗುಗಳು ಕಸಕ್ಕೆ ಹೋದವೋ!

ಮೋಟಾರು ಕಾರಿನ ಚರಿತ್ರೆಯಾದರೂ ಏನು ಹೇಳುತ್ತದೆ? ಮೊದಲ ಕಾರನ್ನು ಕಟ್ಟಿದ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ, 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮ್‌ನಿಂದ ತವರೂರು ಫೋರ್ಜ್‌ಹೈಮ್‌ಗೆ ಹೊರಟಳು. 100 ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರ ಕಾರಿನಲ್ಲಿ ಹೋದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿದಾಗ ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಕೊಂಡಳು. ಲೋಕದ ಮೊದಲ ದೂರಪ್ರಯಾಣದ ಮೆಕ್ಯಾನಿಕ್ ಒಬ್ಬಳು ತಾಯಿ, ಅದೂ ತವರಿಗೆ ಹೊರಟವಳು! (ಪಿನ್ನಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕಾರ್ಬೊರೇಟರಿನ ಜೆಟ್ಟಿಗೆ ಪಿನ್ನು ಹಾಕಬೇಡಿ. ಹಿತ್ತಾಳೆಯ ತೂತು ದೊಡ್ಡದಾದರೆ ಪೆಟ್ರೋಲ್ ಮತ್ತೆ ಹೆಚ್ಚಾಗುತ್ತದೆ. ಊದಿ ತೆಗೆಯಬೇಕು.)

ಇಷ್ಟೆಲ್ಲ ಬೈದ ಮೇಲೆ ನನ್ನ ಸರದಿ. ನಮ್ಮ ಶಾಲೆಯಲ್ಲಿ ಕಾರ್ಯಾನುಭವದ ಪೀರಿಯಡ್ ಇತ್ತು. ಹುಡುಗರಿಗೆ ವಿದ್ಯುತ್ ಉಪಕರಣ, ಹುಡುಗಿಯರಿಗೆ ಕಸೂತಿ. ಹಾಗೆ ಭಾಗ ಮಾಡುತ್ತಿದ್ದವಳು ನಾನೇ. ಕಾರು ಕೆಡುವ ಎಷ್ಟೋ ವರ್ಷ ಮೊದಲು ಒಬ್ಬ ಹುಡುಗಿ ಬಂದು, "ಮಿಸ್, ನಾನು ಆ ಕಡೆ ಹೋಗ್ಲಾ?" ಅಂತ ಕೇಳಿದ್ದಳು. ಅವಳ ತಂದೆಯದು ಸೈಕಲ್ ಅಂಗಡಿ. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ನಿನಗ್ಯಾಕಮ್ಮ ಅದು, ಹೋಗು" ಅಂದೆ. ಅವಳು ಹೋದಳು. ಕಸೂತಿ ಚೆನ್ನಾಗಿಯೇ ಕಲಿತಳು. ಗ್ಯಾರೇಜಿನವರು "ಸಾರ್ ಬಂದಾಗ ಮಾತಾಡ್ತೀವಿ" ಅಂದಾಗ ನನಗೆ ಉರಿದದ್ದು ನೆನಪಾದಾಗಲೆಲ್ಲ ಆ ಹುಡುಗಿಯ ಬೆನ್ನು ಕಾಣಿಸುತ್ತದೆ. ನೆಲವನ್ನು ಡೊಂಕು ಮಾಡಿದವರಲ್ಲಿ ನಾನೂ ಒಬ್ಬಳು. ಆ ವರ್ಷ ಜೂನ್‌ನಲ್ಲಿ ಶಾಲೆ ತೆರೆದಾಗ ಎರಡು ಗುಂಪನ್ನೂ ಕೂಡಿಸಿದೆ. ಹುಡುಗರು ಗುಂಡಿ ಹೊಲಿದರು, ಹುಡುಗಿಯರು ಫ್ಯೂಸ್ ಕಟ್ಟಿದರು. ಆಕಾಶ ಬೀಳಲಿಲ್ಲ. ಆದರೆ ಆ ಹುಡುಗಿ ಅಷ್ಟರಲ್ಲಿ ಶಾಲೆ ಮುಗಿಸಿ ಹೋಗಿಯಾಗಿತ್ತು.

"ಈಗಿನ ಕಾರುಗಳಲ್ಲಿ ಕಾರ್ಬೊರೇಟರೇ ಇಲ್ಲವಲ್ಲ, ಈ ಪುರಾಣ ಯಾಕೆ?" ಎಂದು ನನ್ನ ಸೊಸೆಯೇ ಕೇಳುತ್ತಾಳೆ. ಸರಿಯೇ. ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಸ್ಕೂಟರುಗಳಿಂದಲೂ ಕಾರ್ಬೊರೇಟರ್ ಬಹುಮಟ್ಟಿಗೆ ಹೋಯಿತು. ಆದರೆ "ನಿಮಗೆ ಗೊತ್ತಾಗಲ್ಲ ಮೇಡಂ" ಎಂಬ ಮಾತಿನ ತಯಾರಿಕೆ ನಿಂತಿದೆಯೇ? ಇನ್ವರ್ಟರ್ ಕೆಟ್ಟಾಗ, ನೀರಿನ ಫಿಲ್ಟರ್ ಕೆಟ್ಟಾಗ, ಸೊಸೆಯ ಹೊಸ ಕಾರಿನ ಸರ್ವೀಸಿನ ದಿನ, ಅದೇ ಮಾತು ಹೊಸ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಯಂತ್ರ ಬದಲಾಯಿತು. ಕೇಳುವ ಕ್ರಮ ಬದಲಾಗಿಲ್ಲ: ಯಾವಾಗ ಆಗುತ್ತದೆ, ಏನು ಕಾಣುತ್ತದೆ, ಯಾವುದು ಅಲ್ಲ ಎಂದು ಖಚಿತವಾಯಿತು, ಉಳಿದದ್ದು ಏನು? ಬದಲಿಸುವ ಮೊದಲು ತೋರಿಸಿ ಎಂದು ಹೇಳಿ. ಬದಲಿಸಿದ ಮೇಲೆ ಹಳೆಯ ಭಾಗವನ್ನು ಕೈಗೆ ಕೊಡಿ ಎಂದು ಕೇಳಿ. ಇದಕ್ಕೆ ಸ್ಪ್ಯಾನರ್ ಬೇಡ, ಸಂಕೋಚ ಬಿಟ್ಟರೆ ಸಾಕು.

ನಮ್ಮ ಪದ್ಮಿನಿ ಇನ್ನೂ ಇದೆ. 2023ರಿಂದ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಹಳೆಯ ಕಾಲದ ರಬ್ಬರ್ ಪೈಪುಗಳಿಗೆ ಎಥನಾಲ್ ಆಗಿಬರುವುದಿಲ್ಲ, ಅದು ಉಬ್ಬಿ ಮೆತ್ತಗಾಗುತ್ತದೆ. ಹೋದ ವರ್ಷ ಮತ್ತೆ ಅದೇ ವಾಸನೆ, ಅದೇ ಕಪ್ಪು ಹೊಗೆ. ಈ ಸಲ ಫ್ಲೋಟು ಗಟ್ಟಿಯಾಗಿತ್ತು. ನೀಡಲ್ ವಾಲ್ವಿನ ಬಾಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕರೀ ರಬ್ಬರಿನ ಚೂರು. ಒರೆಸಿ ತೆಗೆದು, ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿದೆ. ನಿವೃತ್ತರಾದ ನಮ್ಮವರು ಈಗ ಟಾರ್ಚ್ ಹಿಡಿಯುತ್ತಾರೆ. ಚೆನ್ನಾಗಿಯೇ ಹಿಡಿಯುತ್ತಾರೆ.

ಅಮ್ಮನ ವಿಷಯ ಹೇಳಲಿಲ್ಲ. ಫ್ಲೋಟು ಹಾಕಿಸಿದ ಭಾನುವಾರ ಭದ್ರಾವತಿಗೆ ಹೋಗಿ, ಬಿಸಿಲಲ್ಲಿ ಕಾರು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಅವರ ಎದುರಿಗೇ ಸ್ಟಾರ್ಟ್ ಮಾಡಿದೆ. ಅಮ್ಮ ಜಗಲಿಯ ಮೇಲೆ ನಿಂತು, "ಏನಾಗಿತ್ತೇ ಅದಕ್ಕೆ?" ಅಂದರು. ನೀರಿನ ಟ್ಯಾಂಕಿನ ಚೆಂಡಿನ ಕಥೆ ಹೇಳಿದೆ. ಚೆಂಡಿಗೆ ಬಿರುಕು ಬಿಟ್ಟು ಅದು ಮುಳುಗಿತ್ತು, ತುಂಬಿ ಹರಿಯುತ್ತಿತ್ತು, ಅಷ್ಟೇ ಅಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು.

"ಹಾಗಾದ್ರೆ ಅದರಲ್ಲಿ ನಿನ್ನ ತಪ್ಪೇನಿತ್ತು?"

ಏನೂ ಇರಲಿಲ್ಲ ಅಂದೆ. ಅಮ್ಮ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತರು.